ಅಂಗಾತವಿದ್ದ ಮೂರನೆಯ ಚಿಪ್ಪು

ಕಿಟಕಿಕಟ್ಟೆಯ ಮೇಲೆ ನೀರು ಆರಿ ಬಿಳಿ ಕಲೆಯಾಗಿದೆ, ಬಳೆಯಷ್ಟಗಲ, ಒದ್ದೆಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಹೋಗುತ್ತದೆ, ಬಟ್ಟೆ ಅವಳ ಕೈಯಲ್ಲೇ ಇದೆ, ಆದರೆ ಕೈ ಏಳುತ್ತಿಲ್ಲ, ಸಮುದ್ರದ ನೀರು ಆರಿದರೂ ಗುರುತು ಬಿಟ್ಟೇ ಹೋಗೋದಮ್ಮಾ ಅಂತ ಮಾವ ಹೇಳುತ್ತಿದ್ದರು — ಹೇಳುತ್ತಿದ್ದರು ಅಂತ ಏಕೆ ಬಂತು ಬಾಯಿಗೆ, ಥೂ, ಬಿಡ್ತು ಅನ್ನು, ಹೇಳುತ್ತಾರೆ, ಮಾವ ಈಗಲೂ ಹೇಳುತ್ತಾರೆ, ವ್ಯಾನಿನಲ್ಲಿ ಆಸ್ಪತ್ರೆಗೆ ಹೋಗಿದ್ದಾರೆ ಅಷ್ಟೆ, ಗಂಡ ಜೊತೆಗಿದ್ದಾನೆ, ಡಾಕ್ಟರು ನೋಡುತ್ತಾರೆ, ಸಂಜೆಗೆ ಬಂದು ಇದೇ ಕಿಟಕಿಯ ಪಕ್ಕ ಕೂತು ಚಹಾಕ್ಕೆ ಸಕ್ಕರೆ ಸಾಲದು ಅಂತ ತಗಾದೆ ತೆಗೆಯುತ್ತಾರೆ. ಕಲೆಯ ಪಕ್ಕದಲ್ಲಿ ಸಿಂಪಿಯ ಮೂರು ಚಿಪ್ಪು. ಮೂರೂ ಬೋರಲು. ಅವುಗಳ ಕಡೆ ನೋಡಬಾರದು ಅಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತದೆ, ಹಾಳು ಕಣ್ಣು.

ಹೊರಗೆ ಅಂಗಳದಲ್ಲಿ ಹನ್ನೆರಡು ಪೆಟ್ಟಿಗೆ ಸಿಂಪಿ, ಗಂಡ ಅವಸರದಲ್ಲಿ ಇಳಿಸಿ ಎಸೆದಂತೆ ಇಟ್ಟು ಹೋಗಿದ್ದು, ಒದ್ದೆ ಗೋಣಿಯಿಂದ ನೀರು ಸೋರುತ್ತಿದೆ, ಮೀನುಗಾರಿಕೆ ಇಲಾಖೆಯ ಮೇಡಂ ಬಂದು ಸೀಲು ಹಾಕುವವರೆಗೆ ಯಾರೂ ಮುಟ್ಟಬಾರದು, ಅದಕ್ಕೇ ಸೊಸೆ ಒಬ್ಬಳೇ ಮನೆಯಲ್ಲಿ ಉಳಿದದ್ದು, ಕಾವಲಿಗೆ. ನಿನ್ನೆ ಸಂಜೆ ಒಂದೊಂದನ್ನೂ ಒಂದಕ್ಕೊಂದು ತಟ್ಟಿ ನೋಡಿದವಳು ಅವಳೇ, ಜೀವ ಇದ್ದರೆ ಕಲ್ಲಿಗೆ ಕಲ್ಲು ತಾಗಿದ ಹಾಗೆ ಟಕ್ ಅನ್ನುತ್ತದೆ, ಸತ್ತಿದ್ದರೆ ಟೊಳ್ಳು, ಒಂದೂ ಟೊಳ್ಳಿರಲಿಲ್ಲ, ಎಲ್ಲವೂ ಗುಂಡುಕಲ್ಲಿನ ಹಾಗೆ ಗಟ್ಟಿ — ಮೇಡಂ ಫೋನಿನಲ್ಲಿ ಏನೆಂದರು, ನಿಮ್ಮ ಕೊಲ್ಲಿಯ ನೀರಿನಲ್ಲಿ ವಿಷದ ಪಾಚಿ ಬಂದಿದೆ, ಸಿಂಪಿಗೆ ಅದು ಏನೂ ಮಾಡಲ್ಲ, ತಿಂದೋರಿಗೇ ಕಷ್ಟ, ನೀವು ಯಾರೂ ತಿಂದಿಲ್ಲ ತಾನೇ. ಯಾರೂ ತಿಂದಿಲ್ಲ ತಾನೇ! ಫೋನು ಕಿವಿಯಲ್ಲಿರುವಾಗಲೇ ಹಿಂದಿನಿಂದ ಮಾವ, ಏನಮ್ಮಾ, ನನ್ ತುಟಿ ಯಾಕೋ ಜುಮ್ ಅಂತಿದೆ, ಬೆರಳ ತುದೀನೂ, ಅಂದರು, ಸಣ್ಣ ಮಕ್ಕಳು ಬಿದ್ದು ಬಂದು ಮಂಡಿ ತೋರಿಸುವ ಹಾಗೆ ಕೈ ಚಾಚಿ ನಿಂತಿದ್ದರು, ಆಗ ಬೆಳಿಗ್ಗೆ ಎಂಟು ಗಂಟೆ. ಅವರು ತಿಂದದ್ದು ಆರಕ್ಕೆ.

ನಲವತ್ತು ವರ್ಷದಿಂದ ಆರಕ್ಕೇ. ಪೆಟ್ಟಿಗೆ ಮನೆ ಬಿಡುವ ಮೊದಲು ಅದರಲ್ಲಿ ಮೂರನ್ನು ತೆಗೆದು, ಗಿಡ್ಡ ಚಾಕುವಿನಿಂದ ಬಾಯಿ ಬಿಡಿಸಿ, ಕಿಟಕಿಯ ಬಳಿ ನಿಂತು ತಿನ್ನುತ್ತಾರೆ, ನಾವು ತಿನ್ನದ್ದನ್ನ ಮಂದಿ ಬಾಯಿಗೆ ಇಡಬಾರದು, ಅಷ್ಟೇ ಅವರ ವೇದಾಂತ. ಬಾಯಲ್ಲಿ ಏನೂ ಹೇಳುವುದಿಲ್ಲ. ಹೇಳಿದರೆ ಮಗ ವಾದಕ್ಕೆ ನಿಲ್ಲುತ್ತಾನೆ ಅಂತ ಗೊತ್ತು, ಅಪ್ಪ ಮಗ ಇಬ್ಬರದೂ ಒಂದೇ ಎರಕ, ಹಿಡಿದ ಹಟ ಬಿಡುವವರಲ್ಲ. ಚೆನ್ನಾಗಿದ್ದರೆ ಚಿಪ್ಪನ್ನು ಬೋರಲು ಹಾಕುತ್ತಾರೆ, ಸಂಶಯ ಬಂದರೆ ಅಂಗಾತ ಬಿಡುತ್ತಾರೆ, ಅವತ್ತು ಪೆಟ್ಟಿಗೆ ಹೊರಡಬಾರದು, ಬಿಟ್ಟು ತಮ್ಮ ಪಾಡಿಗೆ ಹಿತ್ತಲಿಗೆ ಹೋಗಿ ಸಿಂಪಿ ಬೆಳೆಸುವ ಬುಟ್ಟಿಯ ಹಗ್ಗ ಬಿಗಿಯುತ್ತ ಕೂರುತ್ತಾರೆ. ಮದುವೆಯಾಗಿ ಬಂದ ವಾರವೇ ಅತ್ತೆ ಕೈ ಹಿಡಿದು ಈ ಕಿಟಕಿಯ ಹತ್ತಿರ ನಿಲ್ಲಿಸಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ, ನೋಡು ಮಗಳೇ, ಚಿಪ್ಪು ಅಂಗಾತ ಕಂಡರೆ ಮೊದಲು ಅವರನ್ನ ನೋಡು, ಆಮೇಲೆ ಬುಟ್ಟಿ ನೋಡು, ಅವರು ಸಾಯೋ ಹಾಗಾದ್ರೂ ಬಾಯಿ ಬಿಡಲ್ಲ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಲ ಅಂಗಾತ ಕಂಡದ್ದು, ಅತ್ತೆ ಆಗ ಇದ್ದರು, ಒಂದು ಮಾತೂ ಕೇಳದೆ ಮಾವನ ರಟ್ಟೆ ಹಿಡಿದು ದರದರ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು, ಬರೀ ಹೊಟ್ಟೆನೋವಾಗಿತ್ತು, ಬರುವಾಗ ಇಬ್ಬರೂ ನಗುತ್ತ ಬಂದರು, ಈ ಮುದುಕಿಗೆ ನನ್ನ ಮೆರವಣಿಗೆ ಮಾಡಬೇಕಿತ್ತು ಕಣಮ್ಮಾ ಅಂತ ಮಾವ.

ಇವತ್ತು ಬೆಳಿಗ್ಗೆ ಎರಡು ಬೋರಲು, ಒಂದು ಅಂಗಾತ. ಕಂಡಿತ್ತು. ಕಾಣಲಿಲ್ಲ ಅಂತ ಯಾರ ಮುಂದೆ ಹೇಳಿದರೂ ತನ್ನ ಮುಂದೆ ಹೇಳಿಕೊಳ್ಳುವ ಹಾಗಿಲ್ಲ, ಕಣ್ಣಿಗೆ ಹೊಡೆಯುವ ಹಾಗೆ ಕಂಡಿತ್ತು, ಬಿಸಿಲಿನ ಒಂದು ಎಳೆ ಒಳಗೆ ಬಿದ್ದು ಬೆಳ್ಳಗೆ ಹೊಳೆಯುತ್ತಿತ್ತು, ಚೂರು ನೀರಿತ್ತು — ಮಾವನಿಗೆ ಈಚೆಗೆ ಮರೆವು, ಎರಡು ತಿಂಗಳಾಯಿತು, ಕನ್ನಡಕ ಫ್ರಿಜ್ಜಿನಲ್ಲಿ ಸಿಕ್ಕಿತು, ಅಂಗಿಯ ಗುಂಡಿ ಮೇಲೆ ಕೆಳಗೆ, ಚಹಾಕ್ಕೆ ಉಪ್ಪು, ಗಂಡ ಕಂಡರೆ ರೇಗುತ್ತಾನೆ, ಏನಪ್ಪಾ ನಿಂದು, ಅನ್ನುತ್ತಾನೆ, ಆಗ ಮಾವನ ಮುಖ ಸಣ್ಣಗಾಗುತ್ತದೆ, ಅದನ್ನು ನೋಡಲಾರದೆ ಅವಳು ಮುಂಚೆಯೇ ಸರಿ ಮಾಡಿಬಿಡುತ್ತಾಳೆ, ಚಹಾ ಚೆಲ್ಲಿ ಹೊಸದು ತರುತ್ತಾಳೆ, ಚಪ್ಪಲಿ ತಿರುಗಿಸಿ ಇಡುತ್ತಾಳೆ, ಎಡದ್ದು ಎಡಕ್ಕೆ ಬಲದ್ದು ಬಲಕ್ಕೆ, ಯಾರಿಗೂ ಗೊತ್ತಾಗದ ಹಾಗೆ. ಹೊರಗೆ ಗಂಡ ಹಾರನ್ನು ಹೊಡೆಯುತ್ತಿದ್ದ, ಅಪ್ಪ ಏನಂದ್ರು ಕಣೇ, ಹೊತ್ತಾಯ್ತು, ಅಂತ ಕೂಗಿದ. ಇದೂ ಮರೆವೇ ಇರಬೇಕು, ಅವಳ ಕೈ ಚಪ್ಪಲಿ ತಿರುಗಿಸಿದಷ್ಟೇ ಸಲೀಸಾಗಿ ಚಿಪ್ಪನ್ನು ತಿರುಗಿಸಿತು. ನೀರು ಕಟ್ಟೆಯ ಮೇಲೆ ಚೆಲ್ಲಿತು. ಮೂರೂ ಬೋರಲು ರೀ, ಹೊರಡಿ, ಅಂದಳು. ಹಿತ್ತಲ ಬಾಗಿಲಲ್ಲಿ ಮಾವ ಬೆನ್ನು ಹಾಕಿ ಕೂತಿದ್ದರು, ಒಂದು ಸಲ ಬಗ್ಗಿ ಮುಖ ನೋಡಿದ್ದರೆ, ಮಾವಾ ಹುಷಾರಾಗಿದ್ದೀರಾ ಅಂದಿದ್ದರೆ, ನಾಲಿಗೆಗೇನು ಬರ ಬಂದಿತ್ತಾ ನಿನಗೆ — ವ್ಯಾನಿನ ಸದ್ದು ಕೇಳಿ ಅವರು ಏನಂದುಕೊಂಡಿರಬೇಕು, ನಾನು ಅಂಗಾತ ಇಟ್ಟೆ, ಆದರೂ ಕಳಿಸಿದರಲ್ಲ, ಮುದುಕನ ಮಾತಿಗೆ ಇನ್ನು ಬೆಲೆಯಿಲ್ಲ ಅಂದುಕೊಂಡರೇ, ಇಲ್ಲ ತಮಗೇ ಮರೆತಿರಬೇಕು ಅಂತ ಸುಮ್ಮನಾದರೇ, ಅಯ್ಯೋ, ಅದು ಇನ್ನೂ ಕೆಟ್ಟದ್ದು, ಎರಡು ಗಂಟೆ ಆ ವಿಷವನ್ನು ಹೊಟ್ಟೆಯಲ್ಲಿಟ್ಟುಕೊಂಡು ಹಗ್ಗ ಬಿಗಿಯುತ್ತ.

ವಾಸನೆ ಇರಲ್ಲ, ರುಚಿನೂ ಇರಲ್ಲ, ಯಾರ ನಾಲಿಗೆಗೂ ಸಿಗಲ್ಲ ಅಂದಿದ್ದರು ಮೇಡಂ. ಮಾವನ ನಾಲಿಗೆಗೆ ಸಿಕ್ಕಿತ್ತು. ಮೂರನೆಯದರ ಹೊತ್ತಿಗೆ ನಾಲಿಗೆ ಜುಮ್ಮೆಂದಿರಬೇಕು. ಡೀಸೆಲ್ ಬಂಕಿನ ಸಾಲಿನಲ್ಲಿ ತಡವಾಗಿ, ಸೇತುವೆ ದಾಟುವ ಮೊದಲೇ ಫೋನು ಸಿಕ್ಕಿ ಗಂಡ ವ್ಯಾನು ತಿರುಗಿಸಿದ್ದು ಪುಣ್ಯ, ಇಲ್ಲದಿದ್ದರೆ ಎಷ್ಟು ಮನೆ, ಎಷ್ಟು ತಟ್ಟೆ, ಅದನ್ನು ಯೋಚಿಸಲೂ ಆಗುವುದಿಲ್ಲ. ಮಾವನನ್ನು ಎತ್ತಿ ಕೂರಿಸುವಾಗ ಕಾಲು ನಿಲ್ಲುತ್ತಿರಲಿಲ್ಲ, ಮಾತು ತೊದಲುತ್ತಿತ್ತು, ಬಾಗಿಲು ಹಾಕುತ್ತ ಗಂಡ ಅಂದ, ನಲವತ್ತು ವರ್ಷಕ್ಕೆ ಮೊದಲನೇ ಸಲ ಅಪ್ಪನ ನಾಲಿಗೆ ತಪ್ಪಿತು ನೋಡೇ. ಮಾವ ಕೇಳಿಸಿಕೊಂಡರು. ಅವಳ ಕಡೆ ನೋಡಿದರು. ತಪ್ಪಿದ್ದು ಅವರಲ್ಲ ರೀ, ನಾನು — ಅನ್ನಬೇಕಿತ್ತು, ಬೇಗ ಹೋಗಿ ಅಂದಳು, ವ್ಯಾನು ಹೋಯಿತು. ಮಾಡಿದ್ದುಣ್ಣೋ ಮಾರಾಯ ಅಂತಾರೆ, ಎಲ್ಲಿ, ಮಾಡಿದವಳು ಬಟ್ಟೆ ಹಿಡಿದು ನಿಂತಿದ್ದಾಳೆ, ಈ ಕಲೆಯೊಂದನ್ನು ಒರೆಸಿಬಿಟ್ಟರೆ ಆಯಿತು, ಮೂರೂ ಬೋರಲು, ಸಾಕ್ಷಿಗೆ ಯಾರಿದ್ದಾರೆ, ಛೀ, ಎಂಥ ಬುದ್ಧಿ ಬರುತ್ತದೆ ಮನುಷ್ಯರಿಗೆ.

ಫೋನು. ಗಂಡ. ಉಸಿರಾಟಕ್ಕೆ ಮಶೀನು ಹಾಕಿದ್ದಾರೆ ಕಣೇ, ಎರಡು ಗಂಟೆ ಮೊದಲೇ ತಂದಿದ್ದರೆ ಇಷ್ಟಾಗ್ತಿರಲಿಲ್ಲ ಅಂತಾರೆ ಡಾಕ್ಟರು, ನಮಗೇನು ಕನಸು ಬಿದ್ದಿತ್ತಾ, ಹೇಳು — ಅವನು ಅಳುತ್ತಿದ್ದಾನೆ, ಅವನು ಅಳುವುದನ್ನು ಅವಳು ಅತ್ತೆ ಹೋದ ದಿನ ಬಿಟ್ಟರೆ ಕೇಳಿಲ್ಲ — ಎಚ್ಚರ ಇದೆ, ಬಾಯಲ್ಲಿ ಪೈಪು, ಮಾತಾಡಕ್ಕಾಗಲ್ಲ, ಕೈ ಒಂದೇ ಸ್ವಲ್ಪ ಅಲ್ಲಾಡತ್ತೆ, ಏನೋ ಹೇಳ್ತಿದ್ದಾರೆ ಕಣೇ, ನಂಗೊಂದೂ ಅರ್ಥ ಆಗ್ತಿಲ್ಲ, ಅಂಗೈಯನ್ನ ಹಾಸಿಗೆ ಮೇಲೆ ಬೋರಲು ಇಡ್ತಾರೆ, ಒಂದು ಸಲ, ಎರಡು ಸಲ, ಮೂರನೇ ಸಲ ತಿರುಗಿಸಿ ಮೇಲೆ ಮಾಡಿ ಹಾಗೇ ಬಿಡ್ತಾರೆ, ಮತ್ತೆ ಅದೇ, ನನ್ನ ಮುಖಾನೇ ನೋಡ್ಕೊಂಡು, ನರ್ಸು ನೀರು ಕೇಳ್ತಿದಾರೆ ಅಂತಾಳೆ, ನೀರಲ್ಲ, ನೀನು ಯಾವಾಗಲೂ ಜೊತೇಲಿರ್ತೀಯ, ನಿಂಗೇನಾದ್ರೂ ಗೊತ್ತಾ, ಹಲೋ, ಕೇಳಿಸ್ತಿದೆಯಾ, ಹಲೋ — ಕೇಳಿಸುತ್ತಿದೆ, ಬೋರಲು, ಬೋರಲು, ಬಟ್ಟೆ ಕೈಯಿಂದ ಜಾರಿತು, ಬಿಳಿ ಹಾಸಿಗೆ, ಬೋರಲು, ಬೋರಲು, ಅಂಗಾತ, ಒಳಗೆ ಬೆಳ್ಳಗೆ, ಚೂರು ನೀರು, ಅಂಗಾತ.