ಇಂಟರ್‌ವ್ಯೂಗೆ ಹೇಳುವ ಕಥೆ

ಅರಸೀಕೆರೆ ತಾಲ್ಲೂಕಿನಲ್ಲಿ ಮಕ್ಕಳನ್ನು ಡಾಕ್ಟರು ಮಾಡಬೇಕೆಂಬ ಹುಚ್ಚು ಹತ್ತಿದವರೆಲ್ಲ ಕೊನೆಗೆ ಬಂದು ನಿಲ್ಲುತ್ತಿದ್ದುದು ಪಾರ್ಥಸಾರಥಿ ಮೇಷ್ಟ್ರ ಬಾಗಿಲಲ್ಲಿ. ಮೇಷ್ಟ್ರು ಹೈಸ್ಕೂಲಿನಲ್ಲಿ ಸೈನ್ಸ್ ಹೇಳುತ್ತಿದ್ದರು. ಸ್ವತಃ ಮೆಡಿಕಲ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆದರೆ ಅಲ್ಲಿಗೆ ಅರ್ಜಿ ಹಾಕುವ ವಿದ್ಯೆಯಲ್ಲಿ ಅವರನ್ನು ಮೀರಿಸುವವರು ಸುತ್ತಮುತ್ತ ಯಾರೂ ಇರಲಿಲ್ಲ. ಹುಟ್ಟಿದ ತಾರೀಖು ಎಸ್.ಎಸ್.ಎಲ್.ಸಿ. ಪುಸ್ತಕದಲ್ಲಿ ಇದ್ದಂತೆಯೇ ಬರೆಯಬೇಕು, ಅಜ್ಜಿ ಹೇಳಿದ ತಾರೀಖು ಬೇಡ. ನಕಲುಗಳ ಮೇಲೆ ಗೆಜೆಟೆಡ್ ಆಫೀಸರ ರುಜು ಬೇಕು, ಸೋದರಮಾವ ಎಷ್ಟೇ ದೊಡ್ಡ ಕುಳವಾದರೂ ಅವನ ರುಜು ನಡೆಯುವುದಿಲ್ಲ. ಫೋಟೋದಲ್ಲಿ ಎರಡು ಕಿವಿಯೂ ಕಾಣಬೇಕು. ಇಂಥವನ್ನೆಲ್ಲ ಅವರು ಬೇಸರವಿಲ್ಲದೆ, ಬಂದವರಿಗೆಲ್ಲ ಮೊದಲಿನಿಂದ ಹೇಳುತ್ತಿದ್ದರು.

ಮೇ, ಜೂನ್ ಬಂತೆಂದರೆ ಅವರ ಜಗುಲಿಯ ಮುಂದೆ ಚಪ್ಪಲಿ ಬಿಡಲು ಜಾಗವಿರುತ್ತಿರಲಿಲ್ಲ. ಉಳಿದ ಹತ್ತು ತಿಂಗಳು ಆ ಜಗುಲಿಗೆ ನಾಯಿಯೂ ಸುಳಿಯುತ್ತಿರಲಿಲ್ಲ. ಸೀಟು ಸಿಕ್ಕವರು ಒಂದು ಸಲ ಪೇಡ ತಂದುಕೊಟ್ಟು, ದೀಪಾವಳಿಗೆ ಒಂದು ಕಾರ್ಡು ಬರೆದು, ಆಮೇಲೆ ಮರೆತುಬಿಡುತ್ತಿದ್ದರು. ಸಿಗದವರು ಆ ಬೀದಿಯನ್ನೇ ತಪ್ಪಿಸಿ ಓಡಾಡುತ್ತಿದ್ದರು. ಮೇಷ್ಟ್ರಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಬೆಳಿಗ್ಗೆ ಬೇಯಿಸಿದ ಅನ್ನವೇ ರಾತ್ರಿಗೂ. ಸಂಜೆ ಬೆಂಗಳೂರಿನ ರೈಲು ಬರುವ ಹೊತ್ತಿಗೆ ಸ್ಟೇಷನ್ನಿಗೆ ಹೋಗಿ, ತಮ್ಮವರು ಯಾರೂ ಬರುವವರಿಲ್ಲದಿದ್ದರೂ, ಇಳಿಯುವವರ ಮುಖ ನೋಡಿಕೊಂಡು ವಾಪಸು ಬರುತ್ತಿದ್ದರು. ಮೇಷ್ಟ್ರು ತಪ್ಪದೆ ವಾಕಿಂಗ್ ಮಾಡುತ್ತಾರೆ ಎಂದು ಊರು ಮೆಚ್ಚಿಕೊಳ್ಳುತ್ತಿತ್ತು. ಊರಿಗೇನು, ಮೆಚ್ಚಿಕೊಳ್ಳಲು ಏನಾದರೊಂದು ಬೇಕು.

ಹೆಂಡತಿ ಚೆಲುವಾಂಬ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ಆ ಸಾವಿನ ವಿಷಯವನ್ನು ಅವರು ಬಾಯಿಬಿಟ್ಟು ಹೇಳಿದ್ದು ಒಬ್ಬನಿಗೆ ಮಾತ್ರ, ತಾಲ್ಲೂಕು ಕಚೇರಿಯ ಗುಮಾಸ್ತರ ಮಗ ನಾಣಿಗೆ. ಹುಡುಗ ಮಾತಿನಲ್ಲಿ ಬಲು ಚುರುಕು. ಎರಡು ವರ್ಷದ ಹಿಂದೆ ಒಂದು ಸಂಜೆ ಸ್ಟೇಷನ್ನಿನ ಬೆಂಚಿನ ಮೇಲೆ ಪಕ್ಕದಲ್ಲಿ ಕೂತು, "ಮೇಷ್ಟ್ರೆ, ಊರೋರ ಮಕ್ಕಳನ್ನೆಲ್ಲ ಡಾಕ್ಟರು ಮಾಡಬೇಕು ಅಂತ ನೀವ್ಯಾಕೆ ಇಷ್ಟು ಒದ್ದಾಡ್ತೀರಿ?" ಎಂದು ಕೇಳಿದ್ದ. ಅದುವರೆಗೆ ಯಾರೂ ಕೇಳಿರಲಿಲ್ಲ. ಕೇಳಿದ್ದೇ ತಡ, ಮೇಷ್ಟ್ರ ಕಟ್ಟೆ ಒಡೆಯಿತು. ಹಳೇಬೀಡಿನ ಅತ್ತೆಮನೆಯಲ್ಲಿ ಚೊಚ್ಚಲ ಹೆರಿಗೆ. ಸೂಲಗಿತ್ತಿ ಗಿಡ್ಡಮ್ಮ ನನ್ನ ಕೈಲಾಗದು ಅಂದಿದ್ದು. ಎತ್ತಿನ ಗಾಡಿಯಲ್ಲಿ ಬೇಲೂರಿನ ಆಸ್ಪತ್ರೆಗೆ ಹತ್ತು ಮೈಲಿ. ಇನ್ನು ಎರಡು ಮೈಲಿ ಇದೆ ಅನ್ನುವಾಗ ಹೊಟ್ಟೆಯೊಳಗಿನ ಕೂಸಿನ ಸಮೇತ ಅವಳು ಹೋಗಿಬಿಟ್ಟಿದ್ದು. ಹದಿನೆಂಟರ ಹುಡುಗನ ಎದುರು ಮೇಷ್ಟ್ರು ಧೋತ್ರದ ಚುಂಗಿನಲ್ಲಿ ಕಣ್ಣೊರೆಸಿಕೊಂಡರು.

ಮೂರು ವಾರಕ್ಕೆ ನಾಣಿ ಪೇಡದ ಪೊಟ್ಟಣ ಹಿಡಿದು ಓಡಿಬಂದ. "ಯಾಕೆ ಡಾಕ್ಟರಾಗಬೇಕು ಅಂತ ಇಂಟರ್‌ವ್ಯೂ ಕಮಿಟಿಯೋರು ಕೇಳಿದ್ರು ಮೇಷ್ಟ್ರೆ. ಏನೂ ತೋಚಲಿಲ್ಲ. ನಿಮ್ಮನೆಯೋರ ವಿಷಯಾನೇ ನೆನಪಾಯ್ತು. ಸತ್ತೋರು ನಮ್ಮಕ್ಕ ಅಂತ ಹೇಳಿಬಿಟ್ಟೆ. ಒಬ್ಬರಂತೂ ಕನ್ನಡಕ ತೆಗೆದು ಒರೆಸ್ಕೊಂಡ್ರು!" ಹುಡುಗನ ಮುಖದಲ್ಲಿ ಕಳ್ಳತನದ ನೆರಳೂ ಇರಲಿಲ್ಲ, ಇದ್ದುದೆಲ್ಲ ಕೃತಜ್ಞತೆ. ಮೇಷ್ಟ್ರು ಪೇಡ ತಿಂದರು, ಬೆನ್ನು ತಟ್ಟಿದರು. ಅವನು ಹೋದ ಮೇಲೆ ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿದರು. ಮನೆಯಲ್ಲಿ ಚೆಲುವಾಂಬಳದು ಅಂತ ಉಳಿದಿದ್ದುದು ಆ ಸಾವಿನ ಕಥೆಯೊಂದೇ. ಅದೂ ಇನ್ನೊಬ್ಬರ ಅಕ್ಕನ ಪಾಲಾಗಿತ್ತು. ಅಂದಿನಿಂದ ಅವರು ಸ್ಟೇಷನ್ನಿನ ಬೆಂಚಿನ ತುದಿಯಲ್ಲಿ, ಪಕ್ಕದಲ್ಲಿ ಯಾರಿಗೂ ಜಾಗವಾಗದಂತೆ ಕೊಡೆ ಇಟ್ಟುಕೊಂಡು ಕೂರುತ್ತಿದ್ದರು.

ಅರವತ್ತೆರಡನೇ ಇಸವಿಯಲ್ಲಿ ಕಣಕಟ್ಟೆಯ ದೇವೀರಪ್ಪ ಮಗಳು ಬಸಮ್ಮನನ್ನು ಕರೆದುಕೊಂಡು ಬಂದ. ತೆಂಗಿನ ತೋಟ, ರಾಗಿ ಹೊಲ ಇದ್ದ ಗಟ್ಟಿ ಕುಳ. ಹುಡುಗಿ ಹಾಸನದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಪಿ.ಯು.ಸಿ. ಮುಗಿಸಿದ್ದಳು. ಅರ್ಜಿಯನ್ನು ಮೇಷ್ಟ್ರೇ ತುಂಬಿಸಿದ್ದರು. ಈಗ ಇಂಟರ್‌ವ್ಯೂ ಕಾಗದ ಬಂದಿತ್ತು, ಬರುವ ಸೋಮವಾರ ಬೆಂಗಳೂರಿನಲ್ಲಿ. ಅವಳ ಮಾರ್ಕು ಸರಿಯಾಗಿ ಅಂಚಿನಲ್ಲಿತ್ತು. ಇಂಟರ್‌ವ್ಯೂನಲ್ಲಿ ನಾಲ್ಕು ಮಾರ್ಕು ಕೈಬಿಚ್ಚಿ ಕೊಟ್ಟರೆ ಸೀಟು, ಇಲ್ಲದಿದ್ದರೆ ಇಲ್ಲ.

"ನೋಡಿ ಮೇಷ್ಟ್ರೆ, ನಾನು ಒಂದೇ ಮಾತು ಹೇಳಿವ್ನಿ," ಎಂದ ದೇವೀರಪ್ಪ. "ಈ ಸಲ ಸಿಕ್ಕಿದ್ರೆ ಓದ್ಲಿ. ಸಿಗ್ನಿಲ್ಲ ಅಂದ್ರೆ ಗಂಡಸಿ ಊರಲ್ಲಿ ಒಂದು ಗಂಡು ಐತೆ, ಒಳ್ಳೆ ಮನೆ. ಇವಳ ಕೆಳಗೆ ಇನ್ನಿಬ್ರು ಅವ್ರೆ. ನೀವು ಒಸಿ ಹೇಳ್ಕೊಡಿ, ನಾನು ಕೊಬ್ಬರಿ ಮಂಡಿ ಕಡೆ ಹೋಗಿ ಬತ್ತೀನಿ."

ಅವನು ಹೋದ. ಮೇಷ್ಟ್ರು ಒಳಗೆ ಹೋಗಿ ಕ್ಲೋಸ್ ಕಾಲರಿನ ಕೋಟು ತೊಟ್ಟು ಬಂದರು. ಇಂಟರ್‌ವ್ಯೂ ಅಭ್ಯಾಸಕ್ಕೆ ಅವರು ಕೋಟಿಲ್ಲದೆ ಕೂತವರೇ ಅಲ್ಲ. ಮೇಜಿನ ಹಿಂದೆ ಕೂತು, ಗಂಟಲು ಸರಿಮಾಡಿಕೊಂಡು, ಯಾರೋ ಪರಿಚಯವಿಲ್ಲದ ದೊಡ್ಡ ಮನುಷ್ಯರ ದನಿಯಲ್ಲಿ ಕೇಳಿದರು: "ನೀವು ಯಾಕೆ ಡಾಕ್ಟರ್ ಆಗಬೇಕು ಅಂತಿದ್ದೀರಿ?"

ಬಸಮ್ಮ ಕೈಕಟ್ಟಿಕೊಂಡು, ಗೋಡೆ ನೋಡುತ್ತ, ಪಾಠ ಒಪ್ಪಿಸಿದಳು.

"ಹಳೇಬೀಡಿನಲ್ಲಿ ನಮ್ಮ ಚಿಕ್ಕಮ್ಮ ಇದ್ದರು. ಚೊಚ್ಚಲ ಬಸುರಿ. ಹತ್ತಿರದಲ್ಲಿ ಡಾಕ್ಟರು ಇರಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಸೂಲಗಿತ್ತಿ ಕೈಚೆಲ್ಲಿದಳು. ಸುರಿಯುವ ಮಳೆಯಲ್ಲಿ ಗಾಡಿ ಕಟ್ಟಿ ಬೇಲೂರಿಗೆ ಹೊರಟೆವು. ಬೇಲೂರು ಇನ್ನು ಎರಡು ಮೈಲಿ ಇರುವಾಗ, ಏಳು ಗಂಟೆ ದಾಟಿತ್ತು, ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡು, ನೀನಾದರೂ ಡಾಕ್ಟರಾಗು ಎಂದು ಹೇಳಿ..."

"ಮಳೆ ಇರಲಿಲ್ಲ," ಎಂದರು ಮೇಷ್ಟ್ರು.

ಹುಡುಗಿ ನಿಲ್ಲಿಸಿದಳು. "ಏನಂದ್ರಿ ಸಾರ್?"

"ಚೈತ್ರ ಮಾಸ. ದಾರಿಯುದ್ದ ಧೂಳು. ಅವಳು ಏನೂ ಹೇಳಲಿಲ್ಲ. ನೀರು ಕೇಳಿದಳು, ಅಷ್ಟೇ." ಮೇಷ್ಟ್ರ ದನಿ ಅವರಿಗೇ ಪರಕೀಯವಾಗಿ ಕೇಳಿಸಿತು. ಸಾವರಿಸಿಕೊಂಡು, "ಇದನ್ನ ಯಾರು ಬರೆದುಕೊಟ್ಟರು ನಿನಗೆ?" ಎಂದರು.

"ನಾಣಿ ಅಂತ, ಮೆಡಿಕಲ್ ಓದ್ತವ್ರಲ್ಲ, ಅವರ ಕಾಗದ ಸಾರ್. ಅದನ್ನ ಹೇಳಿದ್ರೆ ಮಾರ್ಕು ಬೀಳುತ್ತೆ ಅಂತ ಹಾಸನದಲ್ಲಿ ಎಲ್ಲರೂ ಕಾಪಿ ಮಾಡ್ಕೊಂಡವ್ರೆ. ಒಬ್ಬೊಬ್ರು ಅಕ್ಕ ಅಂತ, ಒಬ್ಬೊಬ್ರು ಅತ್ತಿಗೆ ಅಂತ."

ಮೇಷ್ಟ್ರು ಕೋಟಿನ ಮೇಲಿನ ಗುಂಡಿ ಬಿಚ್ಚಿದರು. ಎಷ್ಟು ಮನೆಗಳಲ್ಲಿ, ಎಷ್ಟು ಜನ ಹುಡುಗರು, ಗೋಡೆಯ ಕಡೆ ತಿರುಗಿ ಚೆಲುವಾಂಬಳನ್ನು ಬಾಯಿಪಾಠ ಮಾಡುತ್ತಿದ್ದಾರೋ ಎಂದು ನೆನೆದರು. ಆದರೆ ಎದುರಿಗಿದ್ದ ಹುಡುಗಿಯ ಮೇಲೆ ಸಿಟ್ಟು ಬರಲಿಲ್ಲ. ಅವಳು ಹುಬ್ಬು ಗಂಟಿಕ್ಕಿಕೊಂಡು ಬೇರೇನೋ ಲೆಕ್ಕ ಹಾಕುತ್ತಿದ್ದಳು.

"ಸಾರ್, ಇದ್ರಲ್ಲಿ ನಂಗೆ ಒಂದು ತಿಳೀಲಿಲ್ಲ. ಅವರು ಕೇಳಿದ್ರೆ ಏನು ಹೇಳ್ಲಿ? ನಮ್ಮ ಎತ್ತು ಕೊಬ್ಬರಿ ಹೇರಿದ್ರೂ ಗಂಟೆಗೆ ಮೂರು ಮೈಲಿ ಹೋಗ್ತವೆ. ಹಳೇಬೀಡಿಂದ ಅಲ್ಲಿಗೆ ಎಂಟು ಮೈಲಿ ಅಂದ್ರೆ ಎರಡೂವರೆ ಗಂಟೆ, ಮೇಲೊಂದು ಹತ್ತು ನಿಮಿಷ. ಮೂರು ಗಂಟೆಗೆ ಸೂಲಗಿತ್ತಿ ಬಿಟ್ಟಳು, ಏಳರ ಮೇಲಾಗಿತ್ತು ಅಂತ ಐತೆ. ನಡುವೆ ಒಂದೂವರೆ ಗಂಟೆ ಎಲ್ಲೋಯ್ತು?"

ನಾಣಿಗೆ ಇದು ಹೊಳೆದಿರಲಿಲ್ಲ. ಕನ್ನಡಕ ಒರೆಸಿಕೊಂಡ ಕಮಿಟಿಯವರಿಗೂ ಹೊಳೆದಿರಲಿಲ್ಲ. ಗಾಡಿ ಹೊಡೆದು ಗೊತ್ತಿದ್ದ ಮನೆಯ ಹುಡುಗಿ ಒಂದೇ ಏಟಿಗೆ ಅಲ್ಲಿಗೆ ಕೈಯಿಟ್ಟಿದ್ದಳು. ಎತ್ತು ಮೇಯಲು ಹೋಗಿದ್ದವು ಅನ್ನು, ಗಾಡಿಯ ಕೀಲು ಮುರಿದಿತ್ತು ಅನ್ನು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಹುಡುಗಿ ಅದನ್ನೇ ಕಲಿತುಕೊಂಡು ಹೋಗುತ್ತಿದ್ದಳು. ಮೇಷ್ಟ್ರು ಬಾಯಿ ತೆರೆದದ್ದೂ ಅದಕ್ಕೇ. ಬಂದ ಮಾತು ಬೇರೆ.

"ಅವತ್ತು ಮಂಗಳವಾರ ಕಣಮ್ಮ. ಮೂರರಿಂದ ನಾಲ್ಕೂವರೆ ರಾಹುಕಾಲ."

ಬಸಮ್ಮ ಅವರ ಮುಖವನ್ನೇ ನೋಡಿದಳು.

"ಗಾಡಿ ಕಟ್ಟಿ ಆಗಿತ್ತು. ಹುಲ್ಲು ಹಾಸಿ, ಮೇಲೆ ಜಮಖಾನ ಹಾಸಿ ಆಗಿತ್ತು. ನಮ್ಮತ್ತೆ ಶ್ರೀರಂಗಮ್ಮನೋರು, ಮಡಿ ಹೆಂಗಸು, ಹೊರಡಿ ಹೊರಡಿ ಅಂತ ಬಡಕೊಂಡರು. ತಡೀರಿ ಅಂದವನು ನಾನು. ಸೈನ್ಸ್ ಮೇಷ್ಟ್ರು. ಚೊಚ್ಚಲು, ಏನಾದರೂ ಆಗಿಬಿಟ್ಟರೆ ಅಂತ ಹೆದರಿಕೆ ಹೊಕ್ಕಿತ್ತು, ಪಂಚಾಂಗ ನೋಡಿದೆ. ಒಂದೂವರೆ ಗಂಟೆ ವಾಚು ನೋಡ್ಕೊಂಡು ಜಗುಲಿ ಮೇಲೆ ಕೂತಿದ್ದೆ. ಒಳಗಿಂದ ಅವಳು ಒಂದು ಸಲ ಕೇಳಿದಳು, ಇನ್ನೂ ಹೊರಡಲಿಲ್ವೇ ಅಂತ. ಇನ್ನೇನು ಹೊರಟೆವು ಅಂದೆ." ಅವರು ಮೇಜಿನ ಅಂಚು ಹಿಡಿದುಕೊಂಡರು. "ಒಂದೂವರೆ ಗಂಟೆಗೆ ನಾಲ್ಕೂವರೆ ಮೈಲಿ. ಉಳಿದಿದ್ದು ಎರಡು ಮೈಲಿ. ಈ ಲೆಕ್ಕ ನಾನೂ ಮಾಡಿದ್ದೀನಿ, ದಿನಾ ಮಾಡ್ತೀನಿ. ನಾಣಿಗೆ ಇದನ್ನ ಹೇಳಲಿಲ್ಲ. ಯಾರಿಗೂ ಹೇಳಿಲ್ಲ."

ಅವರು ಏನನ್ನು ನಿರೀಕ್ಷಿಸಿದ್ದರೋ ಅವರಿಗೇ ಗೊತ್ತಿಲ್ಲ. ಹೋಗಲಿ ಬಿಡಿ ಎಂಬ ಒಂದು ಮಾತು ಬಂದಿದ್ದರೂ ಆಗುತ್ತಿತ್ತೇನೋ. ಹದಿನೇಳರ ಹುಡುಗಿ, ಅವಳ ಹತ್ತಿರ ಅಂಥ ಮಾತು ಎಲ್ಲಿಂದ ಬರಬೇಕು. ಅವಳು ಕುರ್ಚಿಯಿಂದ ಎದ್ದು ನಿಂತಳು. "ನಾನು ಇದನ್ನ ಹೇಳಲ್ಲ ಸಾರ್," ಎಂದಳು.

"ಹಾಗಾದರೆ ನಿನ್ನದು ಏನು? ನಿನಗ್ಯಾಕೆ ಬೇಕು ಡಾಕ್ಟರ್ ಕೆಲಸ?"

ಅವಳಿಗೆ ನಾಚಿಕೆ. ಕೊನೆಗೆ ಹೇಳಿದಳು: ಹೋದ ವರ್ಷ ಮನೆಯ ಎಮ್ಮೆಗೆ ಕರು ಅಡ್ಡ ಸಿಕ್ಕಿಕೊಂಡಿತ್ತು. ಗಂಡಸರ ಕೈ ದಪ್ಪ. ಅವಳು ಮೊಣಕೈವರೆಗೆ ಎಣ್ಣೆ ಹಚ್ಚಿಕೊಂಡು ಒಳಗೆ ಕೈಹಾಕಿ ಕಾಲು ತಿರುಗಿಸಿ ಎಳೆದಳು. ಒಳಗೆ ಬಿಸಿಯಿತ್ತು, ಕರು ಬೆರಳು ಚೀಪಿತು. ಅಂದಿನಿಂದ ಬೇರೆ ಯಾವ ಕೆಲಸವೂ ಬೇಡವೆನ್ನಿಸಿದೆ. ಹೇಳುತ್ತ ಹೇಳುತ್ತ ಅವಳ ಕೈ ಗಾಳಿಯಲ್ಲಿ ತಾನಾಗಿ ತಿರುಗುತ್ತಿತ್ತು.

"ಅದನ್ನೇ ಹೇಳು," ಎಂದರು ಮೇಷ್ಟ್ರು. ಹೊರಗೆ ದೇವೀರಪ್ಪ, ಬಸ್ಸಿಗೆ ಹೊತ್ತಾಯ್ತು ಏಳವ್ವ ಎಂದು ಕೂಗಿದ. ಅಪ್ಪ ಮಗಳು ಹೊರಟುಹೋದರು. ಮೇಷ್ಟ್ರು ಕೋಟು ಬಿಚ್ಚದೆ ಹಾಗೇ ಕೂತಿದ್ದರು. ಅಂದು ಸ್ಟೇಷನ್ನಿಗೂ ಹೋಗಲಿಲ್ಲ.

ಆಮೇಲಿನ ದಿನಗಳನ್ನು ಅವರು ಕಳೆದ ಬಗೆ ಹೇಳುವಂಥದ್ದಲ್ಲ. ಹುಡುಗಿಯನ್ನು ಸರಿದಾರಿಗೆ ತಂದೆ ಎಂದು ಒಂದು ಗಳಿಗೆ ಅನ್ನಿಸುತ್ತಿತ್ತು. ಮರುಗಳಿಗೆಗೆ, ತನ್ನ ಎದೆ ಹಗುರ ಮಾಡಿಕೊಳ್ಳಲು ಅವಳ ಮಾರ್ಕಿಗೆ ಕಲ್ಲು ಹಾಕಿದೆ ಅನ್ನಿಸುತ್ತಿತ್ತು. ಪೇಪರಿನಲ್ಲಿ ಲಿಸ್ಟು ಬಂತು. ಅವರು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓದಿದರು. ಬಸಮ್ಮನ ನಂಬರು ಇರಲಿಲ್ಲ.

ಸೀಟು ಸಿಗದವರು ಬರುವ ಪದ್ಧತಿಯಿಲ್ಲವಾದ್ದರಿಂದ, ಮುಂದಿನ ಸಂತೆಯ ದಿನ ದೇವೀರಪ್ಪ ಜಗುಲಿ ಹತ್ತಿದಾಗ ಮೇಷ್ಟ್ರು ಬೈಸಿಕೊಳ್ಳಲು ಅಣಿಯಾಗಿ ಎದ್ದು ನಿಂತರು. ಒಬ್ಬನೇ ಬಂದಿದ್ದ. ಬೈಯಲು ಬಂದಿರಲಿಲ್ಲ, ಅವನ ಮುಖದಲ್ಲಿ ಸಿಟ್ಟಿಗಿಂತ ಗೊಂದಲ ಹೆಚ್ಚಾಗಿತ್ತು.

"ಸೀಟು ಬರ್ನಿಲ್ಲ ಮೇಷ್ಟ್ರೆ. ಅದು ಹಣೇಬರ, ಬಿಡಿ. ಗಂಡಸಿಯೋರಿಗೆ ಹೇಳಿ ಕಳಿಸೋಣ ಅಂತಿವ್ನಿ. ಆದ್ರೆ ಒಂದು ಮಾತು ಕೇಳ್ಬೇಕಿತ್ತು. ಅಲ್ಲಿ ಎಮ್ಮೆ ವಿಚಾರ ಹೇಳಿದ್ಲಂತೆ, ಅವರು ನಕ್ರಂತೆ. ಆಮೇಲೆ ಒಬ್ರು, ನಿಮ್ಮ ಕಡೆಯಿಂದ ಬರೋರ ಮನೇಲೆಲ್ಲ ಒಬ್ಬೊಬ್ರು ಗಾಡೀಲಿ ಸತ್ತಿರ್ತಾರಲ್ಲ, ನಿಮ್ಮನೇಲಿ ಯಾರೂ ಸತ್ತಿಲ್ವೇನಮ್ಮ ಅಂತ ಕೇಳಿದ್ರಂತೆ. ಎಲ್ಲರೂ ನಗು. ಅದಕ್ಕೆ ಇವಳು, ಒಬ್ರು ಸತ್ತವ್ರೆ, ನಗೋ ವಿಚಾರ ಅಲ್ಲ ಅದು, ನಾನು ಹೇಳೋದೂ ಅಲ್ಲ ಅಂದು ಎದ್ದು ಬಂದುಬಿಟ್ಟವ್ಳೆ. ಸುಮ್ಕೆ ಕೂತಿದ್ರೆ ಇನ್ನೆರಡು ಮಾರ್ಕು ಬೀಳ್ತಿತ್ತೋ ಏನೋ." ಅವನು ತಲೆ ಕೆರೆದುಕೊಂಡ. "ನಮ್ಮನೇಲಿ ಯಾರೂ ಹಂಗೆ ಸತ್ತಿಲ್ಲ. ಇವಳು ಯಾರ ಪರವಾಗಿ ಇಷ್ಟು ಬಿರುಸಾಗಿ ಮಾತಾಡಿದ್ಲು? ಎಷ್ಟು ಕೇಳಿದ್ರೂ ಬಾಯಿ ಬಿಡಲ್ಲ. ನಿಮಗೇನಾರ ಗೊತ್ತಾ, ಯಾರು ಸತ್ತಿದ್ದು?"

ಹದಿನಾಲ್ಕು ವರ್ಷದಲ್ಲಿ ಚೆಲುವಾಂಬಳ ಪರವಾಗಿ ಎದ್ದು ನಿಂತ ಜೀವ ಅದೊಂದೇ. ಗಂಡನೆನ್ನಿಸಿಕೊಂಡವನು ಒಂದು ದಿನವೂ ನಿಂತಿರಲಿಲ್ಲ. ಗೊತ್ತಿಲ್ಲ ಎಂದರೆ ಇವನು ನಂಬಿ ಹೊರಟುಹೋಗುತ್ತಾನೆ. ಗಂಡಸಿಯಲ್ಲಿ ಮದುವೆ ನಡೆಯುತ್ತದೆ. ಹುಡುಗಿ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬಾಳುತ್ತಾಳೆ. ಹೇಳಿದರೆ ಸಂಜೆಯೊಳಗೆ ಕೊಬ್ಬರಿ ಮಂಡಿಗೆಲ್ಲ ಗೊತ್ತಾಗುತ್ತದೆ, ಅರ್ಜಿ ಹಿಡಿದು ಈ ಜಗುಲಿ ಹತ್ತುವವರೂ ಇರುವುದಿಲ್ಲ.

"ಕೂತ್ಕೊಳಿ ದೇವೀರಪ್ಪನೋರೆ," ಎಂದರು. "ಹುಡುಗಿಗೆ ಇನ್ನೊಂದು ವರ್ಷ ಕೊಡಿ ಅಂತ ನಿಮ್ಮನ್ನ ಬೇಡ್ಕೋಬೇಕು. ಅದಕ್ಕೆ ಮುಂಚೆ ಇದನ್ನ ಕೇಳಿ. ಸತ್ತವಳು ನನ್ನ ಹೆಂಡತಿ, ಚೆಲುವಾಂಬ ಅಂತ. ಗಾಡಿ ಕಟ್ಟಿ ನಿಂತಿತ್ತು, ತಡೀರಿ ಅಂದವನು ನಾನು."