ಅಂಗಡಿ ಮತ್ತು ಇತರರು

ನಾನು ಒಂದು ಸಂಶೋಧನಾ ಪ್ರಬಂಧ. ಹದಿನೈದು ಪುಟದ ಜೀವ. ಕಾದಂಬರಿಯ ಹಾಗೆ ನನ್ನನ್ನು ದಿಂಬಿನ ಪಕ್ಕ ಇಟ್ಟುಕೊಂಡು ಯಾರೂ ಮಲಗುವುದಿಲ್ಲ. ಮೈತುಂಬ ಸಮೀಕರಣ, ಓದಿದವರಿಗೆ ತಲೆನೋವು. ಆದರೂ ನನ್ನ ಹುಟ್ಟಿನ ಬಗ್ಗೆ ನನಗೆ ಸ್ವಲ್ಪ ಜಂಬವೇ ಇದೆ, ಇರಲಿ ಬಿಡಿ.

ಹುಟ್ಟಿದ್ದು ಧಾರವಾಡದಲ್ಲಿ, ಗಣಿತ ವಿಭಾಗದ ಮೂಲೆಯ ಕೋಣೆಯಲ್ಲಿ. ಹೆತ್ತವರು ಮೂವರು. ಒಂದು ಅಲೆ ಒಡೆಯದೆ ಎಷ್ಟು ದೂರ ಹೋಗಬಲ್ಲದು ಎಂಬುದು ಅವರ ಪ್ರಶ್ನೆ. ಸುಲೋಚನಾ ಯಲಿಗಾರ ಮೇಡಂ ಹಳೇ ಪ್ರಶ್ನೆಪತ್ರಿಕೆಗಳ ಹಿಂಬದಿಯಲ್ಲಿ ಗೀಚುವರು. ಇದು ನಿಲ್ಲೂದಿಲ್ಲ ಎಂದು ಅಂಗಡಿ ಸರ್ ಕೆಡವುವರು. ಕುಲಕರ್ಣಿ ಸರ್ ಇಬ್ಬರನ್ನೂ ಸಮಾಧಾನ ಮಾಡಿ ಲೆಕ್ಕ ತಾಳೆ ನೋಡುವರು. ಜಗಳ, ಚಹಾ, ಮತ್ತೆ ಜಗಳ. ಕೊನೆಗೆ ಗಂಟು ಬಿಡಿಸುವ ಉಪಾಯ ಹೊಳೆದದ್ದು ಮೇಡಂಗೆ.

ಗಣಿತದ ಮಂದಿಯಲ್ಲಿ ಒಂದು ರೂಢಿ ಇದೆ. ಯಾರು ಹೆಚ್ಚು ದುಡಿದರು ಎಂದು ನೋಡದೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಹೆಸರು ಹಾಕುತ್ತಾರೆ. ಹಾಗಾಗಿ ನನ್ನ ಹಣೆಯ ಮೇಲೆ ಅಂಗಡಿ ಮೊದಲು, ಕುಲಕರ್ಣಿ ನಡುವೆ, ಯಲಿಗಾರ ಕೊನೆ. ಆಗ ಮೂವರೂ ಆ ಸಾಲನ್ನು ಎರಡನೇ ಸಲ ನೋಡಲೂ ಇಲ್ಲ.

ಅಚ್ಚಾದ ಮೇಲೆ ಅಂಗಡಿ ಸರ್ ಕಪಾಟು ನನ್ನ ಮನೆಯಾಯಿತು. ಬಹಳ ವರ್ಷ ನನ್ನನ್ನು ಯಾರೂ ಕೇಳಲಿಲ್ಲ. ಆಮೇಲೆ ಜಪಾನಿನವರೊಬ್ಬರು ತಮ್ಮ ಪ್ರಬಂಧದಲ್ಲಿ ನನ್ನನ್ನು ಉಲ್ಲೇಖಿಸಿದರು. ಅಲ್ಲಿಂದ ಶುರುವಾಯಿತು ನೋಡಿ ನನ್ನ ಸುಗ್ಗಿ! ಎಲ್ಲೆಲ್ಲಿಯವರೋ ನನ್ನ ಹೆಸರೆತ್ತಿದರು. ಎತ್ತುವಾಗ ಮಾತ್ರ 'ಅಂಗಡಿ ಮತ್ತು ಇತರರು' ಎಂದು ಬರೆದರು. ನನ್ನೊಳಗಿನ ಪ್ರಮೇಯಕ್ಕೂ ಅಂಗಡಿ ಪ್ರಮೇಯ ಎಂದೇ ಹೆಸರು ಬಿತ್ತು. ನನ್ನ ತಾಯಿ ಇತರರಲ್ಲಿ ಸೇರಿಹೋದಳು.

ಕುಲಕರ್ಣಿ ಸರ್ ತೀರಿಕೊಂಡರು. ಮೇಡಂಗಿಂತ ಏಳೆಂಟು ವರ್ಷ ಚಿಕ್ಕವರಾದ ಅಂಗಡಿ ಸರ್ ಪ್ರೊಫೆಸರ್ ಆದರು. ಮೇಡಂ ಇದ್ದ ಹುದ್ದೆಯಲ್ಲೇ ಉಳಿದರು. ನಿವೃತ್ತಿಗೆ ಮುಂಚೆ ಬಡ್ತಿಯ ಕೊನೆಯ ಸಂದರ್ಶನ ಬಂತು. ಸಮಿತಿಯ ಅಧ್ಯಕ್ಷರು ರಸಾಯನಶಾಸ್ತ್ರದವರು. ಅವರಲ್ಲಿ ಮುಖ್ಯ ಕೆಲಸ ಮಾಡಿದವರ ಹೆಸರೇ ಮೊದಲು. ಯಾವ ಪ್ರಬಂಧದಲ್ಲೂ ನಿಮ್ಮ ಹೆಸರು ಮೊದಲಿಲ್ಲವಲ್ಲ, ಈ ಉಲ್ಲೇಖಗಳನ್ನು ನಿಮ್ಮ ಲೆಕ್ಕಕ್ಕೆ ಹೇಗೆ ಹಿಡಿಯೋಣ ಎಂದು ಕೇಳಿದರಂತೆ. ಮೇಡಂ ರೂಢಿಯನ್ನು ವಿವರಿಸಿದರು. ಹಾಗಾದರೆ ಯಾರದು ನೂರಕ್ಕೆ ಎಷ್ಟು ಪಾಲು ಎಂದು ಅಂಗಡಿಯವರಿಂದ ಬರೆಸಿ ತನ್ನಿ ಎಂದರು.

ಮೇಡಂ ಕೋಣೆಗೆ ಬಂದು ಇದನ್ನೆಲ್ಲ ಹೇಳಿದಾಗ ಅಂಗಡಿ ಸರ್ ನನ್ನನ್ನು ಕಪಾಟಿನಿಂದ ಇಳಿಸಿ ಮೇಜಿನ ಮೇಲಿಟ್ಟರು.

"ನೂರಕ್ಕ ಎಂಬತ್ತು ನಿಮ್ಮದ ಅಂತ ಬರದು ಕೊಡತೇನ್ರಿ. ಅದು ಖರೇನೂ ಹೌದು."

ಬರೆಯಲಿ ದೇವರೇ ಎಂದು ನಾನು ಬೇಡಿಕೊಂಡೆ. ಮೇಡಂ ನನ್ನನ್ನು ಅವರ ಕಡೆ ಸರಿಸಿದರು.

"ಇದರಾಗ ನೀವು ಜಗಳಾ ತಗೀಲಾರದ ಒಂದು ಸಾಲು ತೋರಸ್ರಿ. ಆಮ್ಯಾಲೆ ಪಾಲು ಹಾಕೂಣು."

ಅಂಗಡಿ ಸರ್ ಪುಟ ತಿರುವಿದರು. ತಿರುವುತ್ತ ತಿರುವುತ್ತ ಕನ್ನಡಕ ತೆಗೆದು ಒರೆಸಿಕೊಂಡರು. ಕೊನೆಗೆ, ಯಲಿಗಾರ ಅವರಿಲ್ಲದಿದ್ದರೆ ಈ ಪ್ರಬಂಧವೇ ಇಲ್ಲ ಎಂದಷ್ಟೇ ಬರೆದುಕೊಟ್ಟರು. ಸಮಿತಿಗೆ ಅಂಕಿ ಬೇಕಿತ್ತು, ವಾಕ್ಯ ಬೇಕಿರಲಿಲ್ಲ. ಬಡ್ತಿ ಸಿಗಲಿಲ್ಲ. ಮೇಡಂ ಅದೇ ಹುದ್ದೆಯಲ್ಲಿ ನಿವೃತ್ತರಾದರು. ಅವತ್ತು ನನಗೆ ಆಕೆಯ ಮೇಲೆ ಎಷ್ಟು ಸಿಟ್ಟು ಬಂತೋ ಅಷ್ಟೇ ಪ್ರೀತಿಯೂ ಬಂತು.

ಈಗ ನಾನು ಮುದಿಯಾಗಿದ್ದೇನೆ. ಅಂಚು ಹಳದಿ, ಪಿನ್ನಿಗೆ ತುಕ್ಕು. ಮೊನ್ನೆ ಪಿಂಚಣಿಯ ಕಾಗದಕ್ಕೆಂದು ಮೇಡಂ ಬಂದಿದ್ದರು. ಪಕ್ಕದ ತರಗತಿಯಲ್ಲಿ ಆಕೆಯನ್ನು ಕಣ್ಣಾರೆ ಕಂಡಿರದ ಹೊಸ ಉಪನ್ಯಾಸಕಿ ಪಾಠ ಮಾಡುತ್ತಿದ್ದಳು. 'ಯಲಿಗಾರ ಪ್ರಮೇಯದ ಪ್ರಕಾರ' ಎಂದಳು. ಮಕ್ಕಳು ಬರೆದುಕೊಂಡರು. ಅಂಗಡಿ ಸರ್ ಎಷ್ಟೋ ವರ್ಷದಿಂದ ಹಾಗೆಯೇ ಕಲಿಸುತ್ತ ಬಂದಿದ್ದರು. ಮೇಡಂ ನಿವೃತ್ತರಾದ ಮೇಲೆ ಅವರಲ್ಲಿ ಕಲಿತವಳು ಈಕೆ.

ಮೇಡಂ ಅಂಗಡಿ ಸರ್ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟರು. ಕಣ್ಣು ತುಂಬಿತ್ತು. ಅಂಗಡಿ ಸರ್ ತಲೆ ಎತ್ತಲಿಲ್ಲ. ಮೇಡಂ ಸೆರಗಿನಿಂದ ಮೂಗು ಒರೆಸಿಕೊಂಡು, ಅದೇ ಹಳೇ ಜಗಳದ ದನಿಯಲ್ಲಿ ಕೇಳಿದರು:

"ಕುಲಕರ್ಣಿಯವರನ್ನ ಎಲ್ಲಿ ಬಿಟ್ರೀ?"