ಮೂರನೆಯ ಅಭ್ಯರ್ಥಿ

ಪುಣೆಯ ಆ ದೊಡ್ಡ ವಿದ್ಯಾಪೀಠದ ಸಸ್ಯಶಾಸ್ತ್ರ ವಿಭಾಗದಲ್ಲಿ ಹನ್ನೊಂದು ವರ್ಷ ಒಂದೂ ಸಂದರ್ಶನ ತಪ್ಪಿಸದೆ ಹಾಜರಾದವರು ಇಬ್ಬರೇ. ಒಂದು ಗೋಡೆಯ ಮೇಲಿನ ಹಲ್ಲಿ, ಇನ್ನೊಬ್ಬ ಡಾಕ್ಟರ್ ಭೀಮಣ್ಣ. ಹಲ್ಲಿಗಾದರೂ ನಡುವೆ ಒಮ್ಮೆ ಬಾಲ ಉದುರಿ ಎರಡು ತಿಂಗಳು ರಜೆ ಸಿಕ್ಕಿತ್ತು. ಭೀಮಣ್ಣನಿಗೆ ಅದೂ ಇಲ್ಲ.

ಅಲ್ಲಿಯ ನಿಯಮ ಹೀಗಿತ್ತು. ಯಾವುದೇ ಹುದ್ದೆಗೆ ಕನಿಷ್ಠ ಮೂವರು ಅಭ್ಯರ್ಥಿಗಳು ಹಾಜರಿರಬೇಕು. ಇಲ್ಲದಿದ್ದರೆ ಸಂದರ್ಶನ ರದ್ದು. ಮೊದಲನೆಯವರು ಸುಲಭವಾಗಿ ಸಿಗುತ್ತಾರೆ, ಏಕೆಂದರೆ ಕೆಲಸ ಅವರಿಗೇ ಎಂದು ಮೊದಲೇ ಗೊತ್ತಾಗಿರುತ್ತದೆ. ಹಾಗೆ ಗೊತ್ತಾಗಿದೆ ಎಂಬುದು ಗೊತ್ತಿಲ್ಲದ ಪಾಪದವರೊಬ್ಬರು ಎರಡನೆಯವರಾಗಿ ಬಂದೇ ಬರುತ್ತಾರೆ. ಕಷ್ಟ ಮೂರನೆಯವರದು. ಅವರನ್ನು ಹುಡುಕಿ ತರಬೇಕು.

ಹುಡುಕಿ ತರುವ ಕೆಲಸ ಹಿರಿಯ ಗುಮಾಸ್ತ ಪ್ರಲ್ಹಾದರದು. ಅವರ ತಾಯಿಯ ತವರು ಅಕ್ಕಲಕೋಟೆಯಾದ್ದರಿಂದ ಕನ್ನಡ ಬರುತ್ತಿತ್ತು. ಸಂದರ್ಶನದ ಹಿಂದಿನ ದಿನ ಸಂಜೆ ಫೋನು ಮಾಡುತ್ತಿದ್ದರು: "ಭೀಮಸಾಹೇಬ್ರ, ಎರಡ ಅವ, ಒಂದ ಕಮ್ಮಿ ಅದ."

"ಬರ್ತೀನ್ರಿ."

"ಮುಂದಿನ ಸಲ ನಿಮ್ದ ನಂಬರ್ ನೋಡ್ರಿ."

ಈ ಮುಂದಿನ ಸಲದ ಆಸೆಗೇ ಭೀಮಣ್ಣ ಕಾತ್ರಜದಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದ. ಮೊದಲ ಬಾರಿ ಬಂದಾಗ ತಿಳಿಯದೆ ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟುಬಿಟ್ಟಿದ್ದ. ಒಳಗೆ ದೊಡ್ಡ ಗೊಂದಲವಾಯಿತು. ಗೊತ್ತಾಗಿದ್ದ ಅಭ್ಯರ್ಥಿಗಿಂತ ಇವನಿಗೆ ಹೆಚ್ಚು ಅಂಕ ಬಿದ್ದು, ಅಳಿಸಿ ಅಳಿಸಿ ಹಾಳೆ ತೂತಾಯಿತು. ಆಮೇಲೆ ಪ್ರಲ್ಹಾದರು ಅವನನ್ನು ನೀರಿನ ಕೂಲರಿನ ಹಿಂದೆ ಕರೆದೊಯ್ದು, "ಹಿಂಗ ಹುಶಾರಿ ತೋರ್ಸಿದ್ರ ಮತ್ತೊಮ್ಮೆ ಯಾರ್ ಕರೀತಾರ್ರಿ ನಿಮ್ಮನ್ನ?" ಎಂದು ಬುದ್ಧಿ ಹೇಳಿದರು.

ಅಂದಿನಿಂದ ಭೀಮಣ್ಣ ತಪ್ಪು ಹೇಳುವುದನ್ನು ಕಲಿತ. ಅದೇನು ಸಣ್ಣ ವಿದ್ಯೆಯಲ್ಲ. ತೀರಾ ತಪ್ಪು ಹೇಳಿದರೆ ಇಂಥವನನ್ನು ಕರೆದವರಾರು ಎಂದು ವಿಚಾರಣೆಯಾಗುತ್ತದೆ. ಅರ್ಧ ತಪ್ಪಬೇಕು, ಒಂದು ಸಲ "ಮರೆತೆ ಸರ್" ಎನ್ನಬೇಕು, ಎಂಟನೆಯ ನಿಮಿಷಕ್ಕೆ ಫೈಲು ಕೈಜಾರಬೇಕು, ಏಳುವಾಗ "ನನಗಿಂತ ಯೋಗ್ಯರು ಹೊರಗೆ ಕೂತಿದ್ದಾರೆ ಸರ್" ಎಂದು ವಿನಯದಿಂದ ಹೇಳಿ ಬರಬೇಕು. ಅವನ ಹೆಸರು ಎಷ್ಟು ಹಬ್ಬಿತೆಂದರೆ ರಸಾಯನಶಾಸ್ತ್ರದವರು ಎರಡು ಸಲ ಎರವಲು ಕೇಳಿದ್ದರು.

ಅವನ ಪಿಎಚ್.ಡಿ. ಕಲ್ಲುಹೂವಿನ ಮೇಲೆ. ಹೌದು, ಮಸಾಲೆಗೆ ಹಾಕುತ್ತಾರಲ್ಲ, ಅದೇ. ಒಮ್ಮೆ ಎರಡು ವರ್ಷ ಕೂಡಿಟ್ಟ ಮಾದರಿಗಳನ್ನು ತಾಯಿ ಮರೆಮ್ಮ ಎಣ್ಣೆಗಾಯಿಗೆ ಹುರಿದು ಹಾಕಿದ್ದಳು. ಪ್ರಬಂಧದ ನಾಲ್ಕನೆಯ ಅಧ್ಯಾಯ ತೆಳ್ಳಗಿರುವುದಕ್ಕೆ ಅದೇ ಕಾರಣ. ಕಲ್ಲುಹೂವು ವರ್ಷಕ್ಕೆ ಒಂದು ಮಿಲಿಮೀಟರ್ ಬೆಳೆದರೆ ಹೆಚ್ಚು. ಸಂದರ್ಶನದ ಕೋಣೆಯ ಕಿಟಕಿಯ ಕಲ್ಲಿನ ಮೇಲೆ, ಭೀಮಣ್ಣ ಮೊದಲ ಸಲ ಬಂದಾಗ ಸಾಸಿವೆಯಷ್ಟಿದ್ದದ್ದು, ಈಗ ಒಂದು ರೂಪಾಯಿಯ ನಾಣ್ಯದ ಅರ್ಧದಷ್ಟಾಗಿತ್ತು. ಆ ವಿಭಾಗದಲ್ಲಿ ಅವನ ಕಣ್ಣೆದುರು ಬಡ್ತಿ ಪಡೆದವರಲ್ಲಿ ಅರ್ಹತೆಯಿಂದ ಪಡೆದದ್ದು ಅದೊಂದೇ.

ಹಾಗೆ ನೋಡಿದರೆ ಆ ಕಟ್ಟಡದಲ್ಲಿ ಎಲ್ಲರಿಗಿಂತ ಮೊದಲು ಮಲಗಿದವನು ಭೀಮಣ್ಣನೇ. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಮರೆಮ್ಮ ಅದರ ಎರಡನೇ ಮಾಳಿಗೆಯ ಸ್ಲ್ಯಾಬು ಹಾಕಿದ ದಿನವೇ ಅವನನ್ನು ಹೆತ್ತು, ಸೆಂಟ್ರಿಂಗ್ ಕಂಬಕ್ಕೆ ಜೋಳಿಗೆ ಕಟ್ಟಿ ಮಲಗಿಸಿದ್ದಳು. ಆದರೆ ಊರಿನ ಶಾಲೆಗೆ ಸೇರಿಸುವಾಗ, ತಲೆಯ ಮೇಲಿಂದ ಕೈ ಹಾಯಿಸಿ ಆಚೆ ಕಿವಿ ಮುಟ್ಟು ಎಂದರೆ ಹುಡುಗ ಕಿವಿ ದಾಟಿ ಗದ್ದ ಮುಟ್ಟಿದ. ಹೆಡ್ ಮಾಸ್ತರರು ಕೈಯ ಉದ್ದ ನೋಡಿ ಎರಡು ವರ್ಷ ಹೆಚ್ಚಿಗೆ ಹಾಕಿ, ಎಲ್ಲ ಮಕ್ಕಳಿಗೂ ಬರೆಯುವ ಹಾಗೆ ಜೂನ್ ಒಂದು ಎಂದು ಬರೆದರು. ಆ ಲೆಕ್ಕದಲ್ಲಿ ಬರುವ ಜೂನ್ ಒಂದಕ್ಕೆ ಅವನಿಗೆ ನಲವತ್ತು. ನಲವತ್ತಾದ ಮೇಲೆ ಸಂಶೋಧನೆಯ ಯಾವ ಹುದ್ದೆಗೂ ಅರ್ಜಿ ಹಾಕುವಂತಿಲ್ಲ.

ಹೀಗಿರುವಾಗ ಮೇ ತಿಂಗಳಲ್ಲಿ ಒಂದು ಪವಾಡವಾಯಿತು. ಸಾಸವಡ ಕಡೆಯ ಹಳೆಯ ಕೋಟೆಗೋಡೆಗಳ ಕಲ್ಲುಹೂವಿನ ಅಧ್ಯಯನಕ್ಕೆ ಮೂರು ವರ್ಷದ ಒಂದು ಹುದ್ದೆ ಬಂತು. ಅದನ್ನು ತಂದವರು ಮೈಸೂರು ಕಡೆಯಿಂದ ಹೊಸದಾಗಿ ಬಂದ ಪ್ರೊಫೆಸರ್ ಶ್ರೀಕಂಠಯ್ಯ. ಹೊಸಬರಾದ್ದರಿಂದ ಯಾರಿಗೆ ಕೊಡಬೇಕೆಂದು ಮೊದಲೇ ಗೊತ್ತುಮಾಡಬೇಕೆಂಬುದು ಅವರಿಗೆ ತಿಳಿದಿರಲಿಲ್ಲ. ಭೀಮಣ್ಣ ಅರ್ಜಿ ಹಾಕಿದ. ಇಪ್ಪತ್ತೆಂಟನೇ ತಾರೀಖು ಸಂಜೆ ಪ್ರಲ್ಹಾದರ ಫೋನು ಬಂತು.

"ಭೀಮಸಾಹೇಬ್ರ, ನಾಳಿನ ಇಂಟರ್‌ವ್ಯೂಕ್ಕ ಒಂದ ಅರ್ಜಿ ಅದ, ಎರಡ ಕಮ್ಮಿ ಅವ."

"ಆ ಒಂದು ಯಾರ್ದರಿ?"

"ನಿಮ್ದ."

ಬೇರೆಯವರಿಗೆ ಗೊತ್ತಾಗುವುದಾದರೂ ಹೇಗೆ? ಜಾಹೀರಾತನ್ನು ಯಾರ ಕಣ್ಣಿಗೂ ಬೀಳದಂತೆ ಕೂಲರಿನ ಹಿಂದೆ ಹಚ್ಚುವುದು ವಿಭಾಗದ ರೂಢಿ. ನಾಳೆ ರದ್ದಾದರೆ ಮತ್ತೆ ಕರೆಯಲು ಆರು ತಿಂಗಳು. ಅಷ್ಟರಲ್ಲಿ ಭೀಮಣ್ಣ ನಲವತ್ತರ ಆಚೆ.

"ನೇರ ಬಂದು ಹಾಜರಾದ್ರೂ ನಡೀತದ್ರಿ," ಎಂದರು ಪ್ರಲ್ಹಾದರು. "ಯಾರ್ನರ ಇಬ್ಬರ್ನ ಹಿಡ್ಕೊಂಡ್ ಬರ್ರಿ. ಸಸ್ಯಶಾಸ್ತ್ರದ ಡಿಗ್ರಿ ಇದ್ರ ಸಾಕು. ನಾ ಹೆಚ್ಚಿಗೀ ಏನೂ ಮಾಡ್ಲಿಕ್ಕೆ ಬರಂಗಿಲ್ಲ, ನಂದೂ ಮೂವತ್ತೊಂದಕ್ಕ ರಿಟೈರ್ಮೆಂಟ್ ಅದ."

ಭೀಮಣ್ಣ ಓಡಿದ. ಕಾತ್ರಜದಲ್ಲಿ ಅವನು ಪಾಠ ಹೇಳುತ್ತಿದ್ದ ಟ್ಯೂಷನ್ ಕ್ಲಾಸಿನಲ್ಲಿಯೇ ಸಾಸವಡದ ಸ್ನೇಹಲ್ ಕೂಡ ಪಾಠ ಹೇಳುತ್ತಿದ್ದಳು. ಜರೀಗಿಡಗಳ ಮೇಲೆ ಪಿಎಚ್.ಡಿ. ಮಾಡಿ ಎಂಟು ವರ್ಷದಿಂದ ಕೆಲಸ ಹುಡುಕುತ್ತಿದ್ದವಳು. ಎಲ್ಲ ಸಂದರ್ಶನಗಳಲ್ಲೂ ಆಕೆ ಆ ಪಾಪದ ಎರಡನೆಯವಳೇ. ವಿಷಯ ಕೇಳಿ, "ಇದು ನಿಮ್ಮದೇ ಕೆಲಸ ಸರ್, ಬರ್ತೀನಿ," ಎಂದು ಮರಾಠಿಯಲ್ಲಿ ಹೇಳಿ, ಮರುಮಾತಿಲ್ಲದೆ ಒಪ್ಪಿದಳು.

ಇನ್ನೊಬ್ಬ ಸಿಕ್ಕಿದ್ದು ಮನೋಜ, ಕ್ಲಾಸಿಗೆ ಬರುವ ಪುಟ್ಟಿಯ ಅಪ್ಪ. ಮಂಡ್ಯದವನು, ಸಾಫ್ಟ್‌ವೇರ್ ಕಂಪನಿಯಲ್ಲಿದ್ದ. ಯಾವ ಜನ್ಮದಲ್ಲೋ ಎಂ.ಎಸ್ಸಿ. ಬಾಟನಿ ಮಾಡಿದ್ದ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಮೂವರೂ ಮೊಗಸಾಲೆಯ ಬೆಂಚಿನ ಮೇಲೆ ಕೂತರು. ಭೀಮಣ್ಣ ಹೇಗೆ ತಪ್ಪಬೇಕೆಂದು ಪಾಠ ಮಾಡಿದ.

"ಸರ್, ನಂಗೆ ಟ್ರೈನಿಂಗೇ ಬೇಡ," ಎಂದ ಮನೋಜ, ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡೇ. "ಬಾಟನಿ ಬಿಟ್ಟು ಹದಿನೈದು ವರ್ಷ ಆಯ್ತು. ಎಲೆ ಹಸ್ರು ಅನ್ನೋದು ಬಿಟ್ರೆ ಏನೂ ಗೊತ್ತಿಲ್ಲ. ಹನ್ನೊಂದೂವರೆಗೆ ಕ್ಲೈಂಟ್ ಕಾಲ್ ಇದೆ, ಅಷ್ಟ್ರೊಳಗೆ ನನ್ನ ಫೇಲ್ ಮಾಡ್ಸಿ ಕಳ್ಸಿಬಿಡಿ."

ಮೊದಲ ಕರೆ ಭೀಮಣ್ಣನಿಗೇ ಬಂತು. ಒಳಗೆ ಮೂವರಿದ್ದರು. ನಡುವೆ ಶ್ರೀಕಂಠಯ್ಯನವರು. ಅವನ ಪ್ರಬಂಧವನ್ನು ಪೂರ್ತಿ ಓದಿ, ಅಲ್ಲಲ್ಲಿ ಕಾಗದದ ಚೂರು ಸಿಕ್ಕಿಸಿಕೊಂಡು ಕೂತಿದ್ದರು. ಹನ್ನೊಂದು ವರ್ಷದಲ್ಲಿ ಅದನ್ನು ತೆರೆದು ನೋಡಿದ ಮೊದಲ ಮನುಷ್ಯ ಅವರೇ. ಭೀಮಣ್ಣನ ಎದೆ ತುಂಬಿ ಬಂತು.

"ಡಾಕ್ಟರ್ ಭೀಮಣ್ಣ," ಎಂದು ಅವರು ನಗುತ್ತ ಇಂಗ್ಲಿಷಿನಲ್ಲಿ ಕೇಳಿದರು, "ಸುಲಭದ್ದರಿಂದ ಶುರುಮಾಡೋಣ. ಕಲ್ಲುಹೂವು ಎಂದರೇನು?"

ಉತ್ತರ ಭೀಮಣ್ಣನ ಪ್ರಬಂಧದ ಮೊದಲ ಸಾಲಿನಲ್ಲೇ ಇತ್ತು. ಅದು ಒಂದು ಜೀವವಲ್ಲ, ಎರಡು. ಶಿಲೀಂಧ್ರವೊಂದು, ಪಾಚಿಯೊಂದು, ಒಂದೇ ಸೂರಿನ ಕೆಳಗೆ. ಆ ಸಾಲು ಎದೆಯಿಂದ ಹೊರಟು ಗಂಟಲ ತನಕ ನೆಟ್ಟಗೆ ಬಂತು. ಅಲ್ಲಿ ಹನ್ನೊಂದು ವರ್ಷದಿಂದ ಕಾವಲು ನಿಂತಿದ್ದ ನಾಲಗೆ ಅದನ್ನು ತಡೆದು, ತನ್ನದೊಂದನ್ನು ಕಳಿಸಿತು.

"ಅದು ಒಂಥರಾ ಬರೀ ಪಾಚಿ ಸರ್. ಬಚ್ಚಲ ಗೋಡೆಗೆ ಬರುತ್ತಲ್ಲ, ಅಂಥದ್ದು."

ಭೀಮಣ್ಣನಿಗೆ ತಾನೇ ಹೇಳಿದ್ದು ತನಗೇ ಕೇಳಿಸಿತು. ಬಾಯಿ ತೆರೆದು ತಿದ್ದಲು ಹೋದ. "ಮರೆತೆ ಸರ್," ಎಂದಿತು ನಾಲಗೆ.

ಶ್ರೀಕಂಠಯ್ಯನವರು ಮುಂದೆ ಬಾಗಿದರು. "ಕನ್ನಡದಲ್ಲೇ ಹೇಳಿ, ಪರವಾಗಿಲ್ಲ. ಗಾಬರಿ ಆಗ್ಬೇಡಿ. ನೀವೇ ಎಷ್ಟು ಚೆನ್ನಾಗಿ ಬರ್ದಿದೀರಿ ಇಲ್ಲಿ!"

ಆ ಪ್ರೀತಿಗೆ ಭೀಮಣ್ಣನ ಕಣ್ಣಲ್ಲಿ ನೀರು ಬಂತು. ಇನ್ನೂ ಐದು ಪ್ರಶ್ನೆ ಕೇಳಿದರು. ಐದಕ್ಕೂ ನಾಲಗೆ ಅಳೆದು ತೂಗಿ ಅರ್ಧರ್ಧ ತಪ್ಪು ಹೇಳಿತು. ಎಂಟನೆಯ ನಿಮಿಷಕ್ಕೆ ಸರಿಯಾಗಿ ಕೈ ಫೈಲನ್ನು ಬೀಳಿಸಿತು. ಬೀಳಬಾರದೆಂದು ಅವನು ಎರಡೂ ಕೈಯಲ್ಲಿ ಹಿಡಿದಿದ್ದ. ಎರಡೂ ಸೇರಿ ಬೀಳಿಸಿದವು. ಎದ್ದು ನಿಂತಾಗ ಬೆನ್ನು ತಾನಾಗಿ ಬಾಗಿತು. "ನನಗಿಂತ ಯೋಗ್ಯರು ಹೊರಗೆ ಕೂತಿದ್ದಾರೆ ಸರ್."

ಎಡಗಡೆ ಕೂತಿದ್ದ ಹಳೆಯ ಸದಸ್ಯರು ಮೆಚ್ಚುಗೆಯಿಂದ ತಲೆಯಾಡಿಸಿದರು. ಇವನ ಕೆಲಸ ಯಾವಾಗಲೂ ಅಚ್ಚುಕಟ್ಟು.

ಹೊರಗೆ ಬಂದವನ ಮುಖ ನೋಡಿ ಸ್ನೇಹಲ್ ಎದ್ದು ನಿಂತಳು. "ಏನಾಯ್ತು ಸರ್?"

"ಬಚ್ಚಲ ಪಾಚಿ ಅಂದೆ."

"ಕಲ್ಲುಹೂವಿಗಾ? ಅರೇ ದೇವಾ!"

ಮನೋಜ ಒಳಗೆ ಹೋಗಿ ಮೂರೇ ನಿಮಿಷದಲ್ಲಿ ಬಂದ. "ಎಲ್ಲದಕ್ಕೂ ಗೊತ್ತಿಲ್ಲ ಅಂದೆ ಸರ್. ಆ ಪ್ರೊಫೆಸರ್ ಪಾಪ ನಂಗೇ ಥ್ಯಾಂಕ್ಸ್ ಹೇಳಿದ್ರು." ಹೆಡ್‌ಸೆಟ್ ಮ್ಯೂಟ್ ತೆಗೆದು, "ಎಸ್, ಆಡಿಬಲ್," ಎನ್ನುತ್ತ ಪಾರ್ಕಿಂಗಿನತ್ತ ನಡೆದ.

ಸ್ನೇಹಲ್ ಸೆರಗು ಸಿಕ್ಕಿಸಿ, ಜಗಳಕ್ಕೆ ಹೋಗುವವಳ ಹಾಗೆ ಒಳಗೆ ಹೋದಳು. ಬಾಗಿಲು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಆ ಚೌಕಟ್ಟು ನಿಲ್ಲಿಸಿದ ದಿನ ಮೇಸ್ತ್ರಿ ಕುಡಿದಿದ್ದ ಎಂದು ಮರೆಮ್ಮ ಹೇಳುತ್ತಿದ್ದಳು. ಬೆಂಚಿನ ಮೇಲೆ ಭೀಮಣ್ಣನಿಗೆ ಎಲ್ಲ ಕೇಳಿಸಿತು.

"ನನಗೆ ಈ ಕೆಲಸ ಬೇಡ ಸರ್," ಎನ್ನುತ್ತಿದ್ದಳು ಸ್ನೇಹಲ್. "ಮೊದಲು ಬಂದು ಹೋದರಲ್ಲ, ಅವರಿಗೆ ಕೊಡಿ. ಅವರಿಗೆ ಗೊತ್ತಿಲ್ಲ ಅಂದುಕೊಂಡಿರಾ? ಟ್ಯೂಷನ್ ಮಕ್ಕಳಿಗೆ ಅವರು ಹೇಗೆ ಹೇಳಿಕೊಡ್ತಾರೆ ಕೇಳಿ. ಕಲ್ಲುಹೂವು ಅಂದರೆ ಒಂದು ಸಂಸಾರ. ಶಿಲೀಂಧ್ರ ಮನೆ ಕಟ್ಟುತ್ತೆ, ಪಾಚಿ ಅಡುಗೆ ಮಾಡುತ್ತೆ. ಹೊಗೆ ಬಂದರೆ ಮೊದಲು ಸಾಯೋದು ಆ ಮನೆಯೇ. ಅದಕ್ಕೇ ಊರಿನ ಗಾಳಿ ಹೇಗಿದೆ ಅಂತ ಮಿಷೀನಿಗಿಂತ ಮೊದಲು ಅದು ಹೇಳುತ್ತೆ..."

ಅವಳು ನಿಲ್ಲಲಿಲ್ಲ. ಭೀಮಣ್ಣ ಸರ್ ಬೆಸಾಲ್ಟ್ ಕಲ್ಲಿನ ಮೇಲೆ ಕಂಡದ್ದು, ಗೋಡೆಯ ಉತ್ತರದ ಮೈಗೂ ದಕ್ಷಿಣದ ಮೈಗೂ ಇರುವ ವ್ಯತ್ಯಾಸ, ಅವರಮ್ಮ ಹುರಿದುಹಾಕಿದ ನಾಲ್ಕನೇ ಅಧ್ಯಾಯದಲ್ಲಿ ಇರಬೇಕಾಗಿದ್ದದ್ದು, ಎಲ್ಲವನ್ನೂ ಹೇಳಿದಳು. ಅವನ ಪರವಾಗಿ ಹೇಳಹೇಳುತ್ತ ಅವನ ಹನ್ನೊಂದು ವರ್ಷವನ್ನು ನಲವತ್ತು ನಿಮಿಷದಲ್ಲಿ ಆ ಮೇಜಿನ ಮೇಲೆ ಹರಡಿದಳು. ಭೀಮಣ್ಣ ಹೊರಗೆ ಕೂತು ಪ್ರತಿಯೊಂದಕ್ಕೂ ತಲೆಯಾಡಿಸಿದ. ಒಂದೂ ತಪ್ಪಿರಲಿಲ್ಲ. ಒಳಗಿನ ಮೂವರಿಗೂ ಅದೇ ಅನಿಸಿರಬೇಕು.

ಮಧ್ಯಾಹ್ನ ಪ್ರಲ್ಹಾದರು ಹಾಳೆ ಹಿಡಿದು ಬಂದು, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಸ್ನೇಹಲ್ ಮೇಡಂ ಅವರ್ದ ಆಗ್ಯದ."

ಸ್ನೇಹಲ್ ಬಿಳಿಚಿಕೊಂಡಳು. "ನಾನು ಸೇರೋದಿಲ್ಲ. ಸರ್‌ಗೆ ಕೊಡಿ."

"ನೀವು ಬ್ಯಾಡ ಅಂದ್ರ ಪೋಸ್ಟ್ ಸುಟ್ಟ್ ಹೋಗ್ತದ. ಅವ್ರಿಗಿ ಕಾಯೋ ಪಟ್ಟಿಯೊಳಗೂ ಹಾಕಿಲ್ಲ. ಶ್ರೀಕಂಠಯ್ಯ ಸರ್ ಭಾಳ ಹುಡುಕಿದ್ರು ಪಾಪ, ಅಂಕಾನೇ ಬಿದ್ದಿಲ್ಲ."

ಸ್ನೇಹಲ್ ಗೋಡೆಗೆ ಮುಖ ಮಾಡಿ ಅತ್ತಳು. ಭೀಮಣ್ಣ ತನ್ನ ಫೈಲಿನಿಂದ ಅಳತೆಪಟ್ಟಿ ತೆಗೆದು ಅವಳ ಕೈಗಿಟ್ಟ. "ಉತ್ತರದ ಗೋಡೆಯಿಂದ ಶುರು ಮಾಡು. ಮಳೆಗಿಂತ ಮೊದಲು ಅಳೀಬೇಕು." ಈ ಮಾತಿಗೆ ನಾಲಗೆ ಅಡ್ಡ ಬರಲಿಲ್ಲ. ಬರಬಾರದ ಹೊತ್ತಿಗೆ ಅದಕ್ಕೆ ಬುದ್ಧಿ ಬಂದಿತ್ತು.

ಜೂನ್ ಒಂದಕ್ಕೆ ಹುಟ್ಟಿದವರೆಲ್ಲ ಮೇ ಮೂವತ್ತೊಂದಕ್ಕೆ ನಿವೃತ್ತರಾಗುತ್ತಾರೆ. ಹೆಡ್ ಮಾಸ್ತರರ ಕೃಪೆಯಿಂದ ಆ ವಿದ್ಯಾಪೀಠದಲ್ಲಿ ಹಾಗೆ ಹುಟ್ಟಿದವರೇ ಹೆಚ್ಚು; ಆ ದಿನ ಪುಣೆಯಲ್ಲಿ ಶಾಲು ಸಿಗುವುದಿಲ್ಲವೆಂಬ ಮಾತುಂಟು. ಪ್ರಲ್ಹಾದರು ತಮ್ಮ ಸಮಾರಂಭಕ್ಕೆ ಒಂದು ಷರತ್ತು ಹಾಕಿದರು. "ನಾಳಿಂದ ಭೀಮಸಾಹೇಬ್ರಿಗೂ ನಲವತ್ತು. ಮೂರನೇದವ್ರಾಗಿ ಕೂಡ್ಲಿಕ್ಕೂ ಬರಂಗಿಲ್ಲ. ಅವ್ರೂ ರಿಟೈರ್ ಆದಂಗೇ. ಅವ್ರಿಗೂ ಒಂದು ಶಾಲು ತರ್ರಿ."

ತಂದರು. ಕೆಲಸ ಕೊಡಲಾಗದ ವಿಭಾಗ ನಿವೃತ್ತಿಯನ್ನು ಧಾರಾಳವಾಗಿ ಕೊಟ್ಟಿತು. ಹಳೆಯ ಸದಸ್ಯರು ಮಾತನಾಡಿ, ಇಷ್ಟು ವರ್ಷದಲ್ಲಿ ಇವರ ಮೇಲೆ ಒಂದು ದೂರೂ ಇಲ್ಲ, ಒಂದು ದಿನದ ರಜೆಯೂ ಇಲ್ಲ ಎಂದರು. ಶ್ರೀಕಂಠಯ್ಯನವರು ತಲೆ ತಗ್ಗಿಸಿ ಕೂತಿದ್ದರು. ಸನ್ಮಾನಪತ್ರದಲ್ಲಿ ಒಂದು ಜಾಗ ಖಾಲಿ ಉಳಿದಿತ್ತು. ಹೊಸ ಗುಮಾಸ್ತ ಪೆನ್ನು ಹಿಡಿದು ಕೇಳಿದ: "ಸೇವೆಗೆ ಸೇರಿದ ದಿನಾಂಕ?"

ಹಿಂದಿನ ಸಾಲಿನಲ್ಲಿ ಕೂತಿದ್ದ ಮರೆಮ್ಮ ಎದ್ದು ನಿಂತಳು. "ಎರಡನೇ ಮಾಳಿಗಿ ಸ್ಲ್ಯಾಬ್ ಹಾಕಿದ ದಿನ. ಬರ್ಕೋರಿ."

ಸಭೆ ಚಪ್ಪಾಳೆ ತಟ್ಟಿತು. ತಟ್ಟಿದ್ದೇಕೆಂದು ಸಭೆಗೂ ಗೊತ್ತಿರಲಿಲ್ಲ.

ಕಾತ್ರಜದ ಬಸ್ಸಿನಲ್ಲಿ ಸೆಕೆಯೋ ಸೆಕೆ. ಭೀಮಣ್ಣ ಹೆಗಲ ಮೇಲೆ ಶಾಲು, ತೊಡೆಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ನಿಂತಿದ್ದ ಕಲಬುರಗಿ ಕಡೆಯ ಗೌಂಡಿಯೊಬ್ಬ ಅವನನ್ನೇ ನೋಡಿ ನೋಡಿ ಕೊನೆಗೆ ಕೇಳಿದ: "ರಿಟೈರ್ ಆದಿರೇನ್ರಿ ಸರ?"

"ಹೌದ್ರಿ."

"ಭಾಳ ಸಣ್ಣವರ ಕಾಣ್ತೀರಲ್ರಿ. ವಯಸ್ಸ ಆದಂಗೇ ಅನ್ಸಂಗಿಲ್ಲ."

ಭೀಮಣ್ಣ ಬಾಯಿ ತೆರೆಯುವಷ್ಟರಲ್ಲಿ, ಕಿಟಕಿಯಾಚೆ ನೋಡುತ್ತಿದ್ದ ಮರೆಮ್ಮ ತಿರುಗದೆಯೇ ಹೇಳಿದಳು:

"ಅವನಿಗಿ ಕೆಲಸದ ತ್ರಾಸ ಇದ್ದಿಲ್ಲಪ."